ಟಸ್ಕನಿ ಗುಡ್ಡಗಾಡಲ್ಲಿ ಗಲಾಟೆ ಇಲ್ಲದ ಸೈಕಲ್ ರಸ್ತೆ ಯಾವುದು? ಮೈಸೂರಿಂದ ಮೂವರು, ಆರು ದಿನ

ಹಳೇ ಟ್ಯೂಬು (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇ ವಾರ ಮತ್ತು ಅಕ್ಟೋಬರ್ ಮೊದಲ ವಾರ ಸೇರಿಸಿ ನಾವು ಮೂವರು ಇಟಲಿಗೆ ಹೊರಟಿದ್ದೇವೆ. ಸೈಕಲ್ ತುಳಿಯೋದಕ್ಕೆ ಸಿಗೋದು ಆರು ದಿನ. ಉಳಿಯೋದು ಸಿಯೆನಾ ಊರಲ್ಲಿ. ದಿನಕ್ಕೆ 60ರಿಂದ 85 ಕಿಮೀ ಆಗಬಹುದು. ಫ್ಲಾರೆನ್ಸ್–ಸಿಯೆನಾ ಮಧ್ಯದ ಕಿಯಾಂತಿ ರಸ್ತೆ, ಅಂದರೆ ಎಸ್‌ಆರ್ 222, ಎಲ್ಲ ಪಟ್ಟಿಯಲ್ಲೂ ಮೊದಲು ಬರುತ್ತೆ. ಅದು ನಿಜಕ್ಕೂ ಖಾಲಿ ಇರುತ್ತಾ? ನಮಗೆ ಬೇಕಿರೋದು ಕಾರು, ಬಸ್ಸು ಕಡಿಮೆ ಇರೋ ಡಾಂಬರು ರಸ್ತೆ. ಸ್ವಲ್ಪ ಮಣ್ಣಿನ ರಸ್ತೆ ಬಂದರೂ ಪರವಾಗಿಲ್ಲ.

ಸೈಕಲ್ಲುಗಳು: ರೋಡ್ ಬೈಕ್, ರಿಮ್ ಬ್ರೇಕ್, ಗಿಯರ್ ಸೆಟ್ಟು ಶಿಮಾನೊ 105 ಆರ್7000, ಮುಂದಿನ ಎರಡು ರಿಂಗಿಗೆ 50/34 ಹಲ್ಲು, ಹಿಂದೆ 11ರಿಂದ 28 ಹಲ್ಲು (11-28), ಟೈರು 25 ಮಿಮೀ. ಚಾಮುಂಡಿ ಬೆಟ್ಟವನ್ನ ಮೂವರೂ 34-28ರಲ್ಲಿ (ಮುಂದೆ 34, ಹಿಂದೆ 28, ನಮ್ಮ ಅತಿ ಹಗುರ ಗಿಯರ್) ಕೂತೇ ಹತ್ತುತ್ತೇವೆ. ಇಷ್ಟು ಗಿಯರ್ ಸಾಕಾ? ನಮ್ಮದನ್ನೇ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ಇಬ್ಬರು ಸಸ್ಯಾಹಾರಿಗಳು, ಅದನ್ನೂ ಗಮನದಲ್ಲಿ ಇಟ್ಕೊಂಡು ಹೇಳಿ.

ಏರುದಾರಿ (ಕುವೆಂಪುನಗರ):

222 ಖಾಲಿ ಇರಲ್ಲ. ನೋಡೋಕೆ ಚೆಂದ, ಅದಕ್ಕೇ ಎಲ್ಲರೂ ಅಲ್ಲೇ ಇರ್ತಾರೆ. ಬಾಡಿಗೆ ಕಾರು, ಪ್ರವಾಸಿ ಬಸ್ಸು, ಶನಿವಾರ ಭಾನುವಾರ ಮೋಟಾರ್‌ಬೈಕುಗಳ ಸಾಲು.

ಮೊದಲು ನಕ್ಷೆಯ ಅಕ್ಷರಗಳನ್ನ ಓದೋದು ಕಲೀರಿ. ‘ಎ’ ಅಂದರೆ ಆಟೋಸ್ತ್ರಾದಾ, ಹಸಿರು ಫಲಕ, ಸೈಕಲ್‌ಗೆ ಪ್ರವೇಶವೇ ಇಲ್ಲ. ನಮ್ಮ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ದಾರಿಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ಬಿಡೋದು ನಿಲ್ಲಿಸಿದ ಹಾಗೆ. ಮೋಸ ಹೋಗೋದು ಅಲ್ಲಲ್ಲ, ಸೂಪರ್‌ಸ್ತ್ರಾದಾ ವಿಷಯದಲ್ಲಿ. ಅದರ ಫಲಕ ಮಾಮೂಲಿ ರಸ್ತೆಯ ಥರ ನೀಲಿ, ಸೈಕಲ್‌ಗೆ ಮಾತ್ರ ನಿಷೇಧ. ಸಿಯೆನಾ–ಫ್ಲಾರೆನ್ಸ್ ಮಧ್ಯೆ ಇರೋ ನಾಲ್ಕು ಲೇನ್ ರಸ್ತೆ ಅಂಥದ್ದೇ. ಊರು ದಾಟುವಾಗ ಬರೀ ‘ಫಿರೆಂಜೆ’ (ಫ್ಲಾರೆನ್ಸ್) ಬಾಣದ ಗುರುತು ನಂಬಿಕೊಂಡು ಹೋದರೆ ಅದರ ರ‍್ಯಾಂಪ್ ಮೇಲೆ ನಿಂತಿರ್ತೀರಿ. ಎಸ್‌ಎಸ್ ರಾಷ್ಟ್ರದ್ದು, ಎಸ್‌ಆರ್ ರಾಜ್ಯದ್ದು ಅಂದುಕೊಳ್ಳಿ, ಎಸ್‌ಪಿ ಜಿಲ್ಲೆಯದು. ನಿಮಗೆ ಬೇಕಿರೋದು ಎಸ್‌ಪಿ.

ಆದರೆ ಎಸ್‌ಪಿ ಅಂದ ಮಾತ್ರಕ್ಕೆ ಖಾಲಿ ಅಂತಲ್ಲ. ಎರಡು ದೊಡ್ಡ ಊರಿನ ನಡುವೆ ಅದೇ ಹತ್ತಿರದ ದಾರಿಯಾಗಿದ್ದರೆ ಗಾಡಿ ಇದ್ದೇ ಇರುತ್ತೆ. ಪಿಯೆಂತ್ಸಾ–ಮೊಂತೆಪುಲ್ಚಾನೊ ಮಧ್ಯದ ಎಸ್‌ಪಿ 146 ಹಾಗೇ: ಪೋಸ್ಟ್‌ಕಾರ್ಡ್ ಚಿತ್ರದ ರಸ್ತೆ, ಆದರೆ ಭುಜದ ಪಕ್ಕದಲ್ಲೇ ಕಾರು. ಅಲ್ಲಿನ ಹಳೇ ಊರುಗಳು ಗುಡ್ಡದ ನೆತ್ತಿ ಮೇಲಿವೆ, ಕಾರ್ಖಾನೆ, ರೈಲು, ಲಾರಿ ಎಲ್ಲ ಕಣಿವೆಯಲ್ಲಿ. ಹಾಗಾಗಿ ಕಣಿವೆ ರಸ್ತೆ ಸಪಾಟು, ಗಲಾಟೆ. ನೆತ್ತಿ ರಸ್ತೆ ಏರಿಳಿತ, ನಿಶ್ಶಬ್ದ. ಸಪಾಟೂ ಬೇಕು, ಶಾಂತಿಯೂ ಬೇಕು ಅಂದರೆ ಟಸ್ಕನಿಯಲ್ಲಿ ಸಿಗಲ್ಲ.

ಮೂರು ಸುತ್ತು ಹೇಳ್ತೀನಿ.

ಮೊದಲನೇದು ಕ್ರೇತೆ ಸೆನೇಸಿ, ಸಿಯೆನಾ ಪಕ್ಕದ ಜೇಡಿಮಣ್ಣಿನ ಗುಡ್ಡಗಾಡು. ಸಿಯೆನಾದಿಂದ ತವೇರ್ನೆ ದಾರ್ಬಿಯಾ ದಾಟೋವರೆಗೆ ಸ್ವಲ್ಪ ಟ್ರಾಫಿಕ್, ಆಮೇಲೆ ಎಸ್‌ಪಿ 438, ಲೌರೆತಾನಾ ಅಂತಾರೆ. ಅಶಾನೊ ತನಕ ಸುಮಾರು 25 ಕಿಮೀ. ಮರ ಇಲ್ಲದ ಬೋಳು ಗುಡ್ಡಗಳ ಬೆನ್ನ ಮೇಲೇ ರಸ್ತೆ ಹೋಗುತ್ತೆ. ನೆರಳು ಇಲ್ಲವೇ ಇಲ್ಲ, ಗಾಳಿ ಇದ್ದರೆ ಪೂರ್ತಿ ಮೈಮೇಲೆ. ಅಶಾನೊದಿಂದ ಎಸ್‌ಪಿ 451 ಹಿಡಿದು ಮೊಂತೆ ಒಲಿವೆತೊ ಮಜ್ಜೋರೆ ಮಠ, ಅಲ್ಲಿಂದ ಇಳಿದರೆ ಬ್ವೊನ್‌ಕೊನ್ವೆಂತೊ. ಒಟ್ಟು 45 ಕಿಮೀ ಆಸುಪಾಸು. ವಾಪಸ್ಸು ಬರೋಕೆ ಕಾಸ್ಸಿಯಾ ಹೆದ್ದಾರಿ ಹಿಡೀಬೇಡಿ, ಲಾರಿ ರಸ್ತೆ ಅದು. ಬ್ವೊನ್‌ಕೊನ್ವೆಂತೊದಿಂದ ಸಿಯೆನಾಗೆ ರೈಲಿದೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ವೆಸ್ಕೊವಾದೊ ದಿ ಮುರ್ಲೊ ಕಡೆ ಸುತ್ತಿ ಬನ್ನಿ. ಮೊದಲ ದಿನ ಇದೇ ಇರಲಿ, ಏಕೆಂದರೆ ಎಲ್ಲಿ ಸುಸ್ತಾದರೂ ಹತ್ತಿರದಲ್ಲಿ ಸ್ಟೇಷನ್ ಇದೆ.

ಎರಡನೇದು ಕಿಯಾಂತಿಯ ಹಿಂಬಾಗಿಲು. ಸಿಯೆನಾ, ಕಾಸ್ತೆಲ್‌ನೋವೊ ಬೆರಾರ್ದೆಂಗಾ, ಸಾನ್ ಗುಸ್ಮೆ, ಬ್ರೋಲಿಯೊ ಕೋಟೆ, ಗಾಯೋಲೆ. ಸಾನ್ ಗುಸ್ಮೆಯಿಂದ ಬ್ರೋಲಿಯೊ ಕಡೆಗೆ ಹೋಗೋ ಎಸ್‌ಪಿ 484 ಆ ಕಡೆಯ ಅತ್ಯುತ್ತಮ ರಸ್ತೆ, ನನ್ನ ಲೆಕ್ಕದಲ್ಲಿ. ಗಾಯೋಲೆಯಿಂದ ಬಾದಿಯಾ ಅ ಕೊಲ್ತಿಬ್ವೊನೊಗೆ ಐದು ಕಿಮೀ ಏರು, ಐದು ಪರ್ಸೆಂಟ್ ಆಸುಪಾಸು. ನಮ್ಮ ಚಾಮುಂಡಿ ಬೆಟ್ಟವೇ ಅಂದುಕೊಳ್ಳಿ. ಅಲ್ಲಿಂದ ರಾದ್ದಾ, ಆಮೇಲೆ ವಾಲ್ಯಾಲಿ ಮೇಲೆ ಸಿಯೆನಾ. (ಬರೆಯುವಾಗ ವಾಲ್ಯಾಲಿಯಲ್ಲಿ ಎರಡು ‘ಜಿ’ ಬರುತ್ತೆ, ಬಾಯಲ್ಲಿ ಬರಲ್ಲ. ದಾರಿ ಕೇಳುವಾಗ ಉಪಯೋಗಕ್ಕೆ ಬರುತ್ತೆ.) ಇಡೀ ಸುತ್ತು 85 ಕಿಮೀ ಹತ್ತಿರ. ರಾದ್ದಾ–ವಾಲ್ಯಾಲಿ ಕಡೆ ಬಿಳಿ ಜಲ್ಲಿ ರಸ್ತೆ ಬರುತ್ತೆ, ಡಾಂಬರೇ ಬೇಕಿದ್ದರೆ ದಾರಿಯನ್ನ ಮೊದಲೇ ಸರಿ ಮಾಡಿಕೊಳ್ಳಿ.

ಮೂರನೇದು ಭಾರದ್ದು. ಬ್ವೊನ್‌ಕೊನ್ವೆಂತೊದಿಂದ ಮೊಂತಾಲ್ಚೀನೊ (ಊರು 564 ಮೀಟರ್ ಎತ್ತರದಲ್ಲಿದೆ, ಹೊರಡೋದು 150ರ ಹತ್ತಿರದಿಂದ), ಸಾಂತಾಂತಿಮೊ ಮಠದ ಪಕ್ಕದಲ್ಲಿ ಓರ್ಚಾ ಹೊಳೆಗೆ ಇಳಿದು, ಮತ್ತೆ ಕಾಸ್ತಿಲ್ಯೋನೆ ದೋರ್ಚಾಗೆ ಉದ್ದದ ಏರು, ಸಾನ್ ಕ್ವಿರಿಕೊ. ಅಲ್ಲಿಂದ ಹೊಸ ಕಾಸ್ಸಿಯಾ ಬಿಟ್ಟು ಹಳೇ ಕಾಸ್ಸಿಯಾ ಹಿಡಿದು ತೊರ‍್ರೆನಿಯೇರಿ. ಹೊಸ ರಸ್ತೆ ಆದ ಮೇಲೆ ಹಳೇದರಲ್ಲಿ ಯಾತ್ರಿಕರು, ಸೈಕಲ್ಲು ಬಿಟ್ಟರೆ ಬೇರೆ ಯಾರೂ ಕಮ್ಮಿ. ಆಮೇಲೆ ಸಾನ್ ಜೊವಾನ್ನಿ ದಾಸ್ಸೊ, ಅಶಾನೊ, ರೈಲು.

ಸಕ್ಕರೆನಾಡು (ಮಂಡ್ಯ):

ದಾರಿ ಎಲ್ಲ ಸರಿ ಸಾರ್, ಆದ್ರೆ 34-28 ಸಾಕಾಗಲ್ಲ ಬುಡಿ. ಚಾಮುಂಡಿ ಬೆಟ್ಟದ ಲೆಕ್ಕ ಅಲ್ಲಿ ನಡೆಯಲ್ಲ. ಬೆಟ್ಟ ಸರಾಸರಿ ನಾಲ್ಕೈದು ಪರ್ಸೆಂಟು, ಒಂದೇ ಸಮ ಏರು, ಒಂದು ಸಲ ಹತ್ತುದ್ರೆ ಮುಗೀತು. ಟಸ್ಕನಿಯ ಏರು ಚಿಕ್ಕವು, ಕಡಿದು. ಮುನ್ನೂರು ಮೀಟರ್, ಐನೂರು ಮೀಟರ್ ಉದ್ದ, ಹನ್ನೆರಡು–ಹದಿನೈದು ಪರ್ಸೆಂಟು, ಅದೂ 60 ಕಿಮೀ ಆದ್ಮೇಲೆ ಊರ ಬಾಗಿಲಲ್ಲೇ ಬರ್ತವೆ.

ಲೆಕ್ಕ ನೋಡಿ. ಸವಾರ, ಸೈಕಲ್ಲು, ನೀರು ಸೇರಿ 85 ಕೆಜಿ ಅಂದ್ಕೊಳ್ಳಿ. 12 ಪರ್ಸೆಂಟ್ ಏರಲ್ಲಿ 34-28 ಹಾಕಿ ನಿಮಿಷಕ್ಕೆ 60 ಸುತ್ತು ತುಳುದ್ರೆ ವೇಗ 9 ಕಿಮೀ ಚಿಲ್ಲರೆ. ಅದಕ್ಕೆ 265 ವ್ಯಾಟ್ ಹತ್ತಿರ ಬೇಕು. 34-34 ಹಾಕುದ್ರೆ ಅದೇ 60 ಸುತ್ತಲ್ಲಿ ಏಳೂವರೆ ಕಿಮೀ ವೇಗ, 220 ವ್ಯಾಟಲ್ಲಿ ಮುಗೀತದೆ. 265 ಕೊಡೋಕೆ ಆಗದೋರು ಸುತ್ತು ಇಳಿಸ್ತಾರೆ, ನಿಮಿಷಕ್ಕೆ 45ಕ್ಕೆ ಬರ್ತದೆ, ಮಂಡಿ ಮೇಲೆ ಭಾರ ಬೀಳ್ತದೆ. ಒಂದಿನ ತಡ್ಕೋಬೋದು. ಆರು ದಿನ ಆಗಲ್ಲ.

ತಾಲೀಮಿಗೆ ಬೆಟ್ಟಕ್ಕಿಂತ ಮೇಲುಕೋಟೆ ಕಡೆ ವಾಸಿ. ಪಾಂಡವಪುರ ದಾಟಿ ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಹತ್ತಿ, ಇಳಿದು, ತಿರುಗಿ ಹತ್ತಿ. ಇಳಿಜಾರಲ್ಲಿ ಕಾಲು ಬಿಟ್ಟು ಕೂರಬ್ಯಾಡಿ, ಹಗೂರಕ್ಕೆ ತುಳೀತಾ ಇರಿ. ಇಳುದ ತಕ್ಷಣ ಹತ್ತೋದು ಅಭ್ಯಾಸ ಆಗ್ಬೇಕು, ಅದೇ ಟಸ್ಕನಿ. ನಾಲೆ ಏರಿ ಮೇಲೆ ನೂರು ಕಿಮೀ ಹೊಡುದ್ರೆ ಕೂರೋ ಅಭ್ಯಾಸ ಆಯ್ತದೆ ಅಷ್ಟೇಯ, ಹತ್ತೋದಲ್ಲ.

ಒಂಟಿ ಪೆಡಲ್ (ಗೋಕುಲಂ):

222ರ ಬಗ್ಗೆ ಸ್ವಲ್ಪ ತಕರಾರು. ವಾರದ ದಿನ ಬೆಳಗ್ಗೆ ಒಂಬತ್ತರೊಳಗೆ ಹೋದರೆ ಪಾಂಸಾನೊ–ಕಾಸ್ತೆಲ್ಲೀನಾ ಭಾಗ ಸಹನೀಯ. ಮಧ್ಯಾಹ್ನ ಒಂದರಿಂದ ಮೂರರವರೆಗೂ ಅಷ್ಟೇ. ಊಟದ ಹೊತ್ತಲ್ಲಿ ಇಟಲಿಯ ಹಳ್ಳಿ ರಸ್ತೆ ಖಾಲಿ ಹೊಡೆಯುತ್ತೆ. ರಸ್ತೆಯಷ್ಟೇ ಅಲ್ಲ, ಗಂಟೆಯನ್ನೂ ಆರಿಸಿಕೊಳ್ಳಿ.

ಇನ್ನೊಂದು ಮಾತು. ನೀವು ಹೋಗೋ ಹೊತ್ತಿಗೇ ಗಾಯೋಲೆಯಲ್ಲಿ ಲೆರೋಯ್ಕಾ ನಡೆಯುತ್ತೆ. 1997ರಿಂದ ಇರೋ ಹಳೇ ಸೈಕಲ್ಲುಗಳ ಜಾತ್ರೆ, ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ. ಆ ದಿನ ಆ ಕಡೆ ಶಾಂತಿ ಹುಡುಕಬೇಡಿ, ರೂಮೂ ಸಿಗಲ್ಲ. ಅದರ 209 ಕಿಮೀ ದಾರಿಗೆ ಮಾತ್ರ ವರ್ಷವಿಡೀ ಫಲಕಗಳಿವೆ. ಬೇರೆ ದಿನ ತುಂಡು ತುಂಡಾಗಿ ಬಳಸಿಕೊಳ್ಳಬಹುದು. ದ್ರಾಕ್ಷಿ ಕೊಯ್ಲೂ ಆಗಲೇ. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇರೋ ಹಾಗೆ ಅಲ್ಲಿ ದ್ರಾಕ್ಷಿ ಟ್ರೈಲರ್. ತೋಟದಿಂದ ರಸ್ತೆಗೆ ಬರೋ ತಿರುವಲ್ಲಿ ಹಸಿ ಮಣ್ಣು ಚೆಲ್ಲಿರುತ್ತೆ, ಇಳಿಜಾರಲ್ಲಿ ಅದೇ ಅಪಾಯ. ರಾಗಿ ಒಕ್ಕಣೆ ಮಾಡಿದ ರಸ್ತೆ ಮೇಲೆ ಬ್ರೇಕ್ ಹಿಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಹಳೇ ಟ್ಯೂಬು:

ಎಲ್ಲರಿಗೂ ಧನ್ಯವಾದ. ಹಾಗಾದರೆ 11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿಸ್ತೀವಿ. ನಮ್ಮ ಹಿಂದಿನ ಡಿರೇಲರ್ (ಚೈನನ್ನ ಗಿಯರ್‌ನಿಂದ ಗಿಯರ್‌ಗೆ ದಾಟಿಸೋ ಭಾಗ) ಮೇಲೆ ‘ಎಸ್‌ಎಸ್’ ಅಂತಿದೆ, ಹಿಡಿಯುತ್ತಾ? ಬಿಳಿ ರಸ್ತೆಗೆ 25 ಮಿಮೀ ಟೈರು ನಡೆಯುತ್ತಾ? ಮಳೆ ಬಂದರೆ ಏನು ಗತಿ?

ಸ್ಪ್ಯಾನರ್ ಡಬ್ಬಿ (ಶ್ರೀರಂಗಪಟ್ಟಣ):

ಹಿಡಿಯಲ್ಲ. ಆರ್7000 ಎಸ್‌ಎಸ್, ಅಂದರೆ ಗಿಡ್ಡ ಕೇಜ್ (ಚೈನು ಬಿಗಿ ಹಿಡಿಯೋ ತೋಳು), 30 ಹಲ್ಲಿನವರೆಗೆ ಮಾತ್ರ. 34ಕ್ಕೆ ಜಿಎಸ್, ಉದ್ದ ಕೇಜಿನದು ಬೇಕು. ಡಿರೇಲರ್ ಜೊತೆ ಮೂರು ಕೆಲಸ ಸೇರಿಕೊಂಡಿವೆ, ಒಂದನ್ನು ಬಿಟ್ಟರೂ ಕೈ ಕೊಡುತ್ತೆ.

ಶಿಮಾನೊದ 11 ಸ್ಪೀಡ್ 11-34 ಕ್ಯಾಸೆಟ್ (ಎಚ್‌ಜಿ700, ಎಚ್‌ಜಿ800) ನಿಮ್ಮ ರೋಡ್ ಹಬ್ಬಿಗೆ ಕೂರಬೇಕಾದರೆ ಹಿಂದೆ 1.85 ಮಿಮೀ ಸ್ಪೇಸರ್ ಹಾಕಬೇಕು. ಅದಿಲ್ಲದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಅಲ್ಲಾಡುತ್ತೆ, ಗಿಯರ್ ಒಂದೂ ನಿಲ್ಲಲ್ಲ, ‘ಕೇಬಲ್ ಸಡಿಲ’ ಅಂತ ಎರಡು ದಿನ ತಪ್ಪು ಜಾಗದಲ್ಲಿ ಹುಡುಕ್ತೀರಿ. ಲಾಕ್‌ರಿಂಗ್ ಬಿಗಿ 40 ನ್ಯೂಟನ್ ಮೀಟರ್.

ಚೈನು ಹೊಸದೇ ಬೇಕು. 28ಕ್ಕೆ ಕತ್ತರಿಸಿದ ಹಳೇ ಚೈನು ಗಿಡ್ಡ ಆಗುತ್ತೆ. ಅಳತೆ ಹೀಗೆ: ಡಿರೇಲರ್ ಒಳಗೆ ತೂರಿಸದೆ ಮುಂದಿನ ದೊಡ್ಡ ರಿಂಗು, ಹಿಂದಿನ ದೊಡ್ಡ ಹಲ್ಲು, ಎರಡರ ಮೇಲೂ ಸುತ್ತಿ, ತುದಿಗಳು ಕೂಡೋ ಜಾಗಕ್ಕೆ ಎರಡು ಲಿಂಕ್ ಸೇರಿಸಿ ಕತ್ತರಿಸಿ. 50-34 ಜೋಡಿಯಲ್ಲಿ ಯಾರೂ ಬೇಕಂತ ತುಳಿಯಲ್ಲ, ಆದರೆ ಸುಸ್ತಾದಾಗ ಬೆರಳು ತಪ್ಪಿ ಬಿದ್ದೇ ಬೀಳುತ್ತೆ. ಚೈನು ಗಿಡ್ಡ ಇದ್ದರೆ ಆ ಕ್ಷಣಕ್ಕೆ ಡಿರೇಲರ್ ಕಿತ್ತು ಕಡ್ಡಿಗಳ ಒಳಗೆ ಹೋಗುತ್ತೆ. ಕೊನೆಗೆ ಡಿರೇಲರಿನ ಬಿ-ಸ್ಕ್ರೂ ತಿರುಗಿಸಿ, ಅದರ ಮೇಲಿನ ಪುಟ್ಟ ಚಕ್ರ (ಜಾಕಿ ವೀಲು) 34ರ ಹಲ್ಲಿಗೆ ತಾಗದಷ್ಟು ದೂರ ತನ್ನಿ.

ಒಬ್ಬೊಬ್ಬರಿಗೂ ಅವರವರ ಫ್ರೇಮಿನ ಡಿರೇಲರ್ ಹ್ಯಾಂಗರ್ (ಡಿರೇಲರನ್ನ ಫ್ರೇಮಿಗೆ ಸೇರಿಸೋ ಲೋಹದ ತುಂಡು) ಒಂದೊಂದು ಜೊತೆಗಿರಲಿ. ಅದು ಪ್ರತಿ ಫ್ರೇಮಿಗೂ ಬೇರೆ. ಅಶಾನೊದಂಥ ಊರಿನ ಅಂಗಡಿಯಲ್ಲಿ ಚೈನು, ಟ್ಯೂಬು ಸಿಗುತ್ತೆ, ನಿಮ್ಮ ಹ್ಯಾಂಗರ್ ಸಿಗಲ್ಲ.

ಟೈರು: 25 ಬೇಡ, 28 ಹಾಕಿ. 105 ಬ್ರೇಕ್ ಕ್ಯಾಲಿಪರ್‌ನಲ್ಲಿ 28 ಹೋಗುತ್ತೆ, ಫ್ರೇಮಲ್ಲಿ ಎರಡೂ ಪಕ್ಕ ನಾಲ್ಕು ಮಿಮೀ ಜಾಗ ಉಳಿಯುತ್ತಾ ನೋಡಿ. 70 ಕೆಜಿ ಸವಾರನಿಗೆ ಡಾಂಬರು, ಜಲ್ಲಿ ಎರಡೂ ಬರೋ ದಿನ ಮುಂದೆ 65, ಹಿಂದೆ 70 ಪಿಎಸ್‌ಐ. 60ಕ್ಕಿಂತ ಕೆಳಗಿಳಿಸಿದರೆ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ತೂತು. ಬಿಳಿ ರಸ್ತೆಯಲ್ಲಿ ಕಾರಿನ ಚಕ್ರ ಓಡಿ ಗಟ್ಟಿಯಾದ ಗಾಲಿಜಾಡಲ್ಲೇ ಇರಿ. ನಡು ಮತ್ತು ಅಂಚಲ್ಲಿ ಸಡಿಲ ಜಲ್ಲಿ ಕೂಡಿರುತ್ತೆ. ಜಾಡು ಬದಲಿಸೋದಿದ್ದರೆ ತಿರುವಿಗೆ ಮುಂಚೆ, ತಿರುವಿನ ಒಳಗಲ್ಲ. ಬ್ರೇಕೂ ಅಷ್ಟೇ. ಅಶಾನೊ ಪಕ್ಕದ ಮೊಂತೆ ಸಾಂತೆ ಮರಿಯೆ, ಸ್ತ್ರಾದೆ ಬಿಯಾಂಕೆ ರೇಸಿನವರು ಓಡಿಸೋ ಹನ್ನೊಂದೂವರೆ ಕಿಮೀ ಜಲ್ಲಿ, ರಿಮ್ ಬ್ರೇಕ್ ಸೈಕಲ್ಲಿಗೆ ಬೇಡ.

ಮಳೆ ಬಂದರೆ ಬಿಳಿ ರಸ್ತೆ ಪೂರ್ತಿ ಬಿಟ್ಟುಬಿಡಿ. ‘ಕ್ರೇತಾ’ ಅಂದರೇನೇ ಜೇಡಿಮಣ್ಣು. ಗದ್ದೆ ಬದುವಿನ ಕೆಸರಿದ್ದ ಹಾಗೆ ಟೈರಿಗೆ ಮೆತ್ತಿ, ಬ್ರೇಕ್ ಹತ್ತಿರ ಕಟ್ಟಿಕೊಂಡು ಚಕ್ರವೇ ನಿಲ್ಲುತ್ತೆ. ಒಣಗಿದ ದಿನದ ಬಿಳಿ ಧೂಳು ರಿಮ್ ಮೇಲೆ ಕೂತರೆ ಬ್ರೇಕ್ ಪ್ಯಾಡ್ ಸವೆತ ಜಾಸ್ತಿ. ಸಂಜೆ ರಿಮ್ಮು, ಪ್ಯಾಡು ಒರೆಸಿ, ಪ್ಯಾಡಲ್ಲಿ ಕೂತ ಹರಳು ಕೀಳಿ, ಒಂದು ಜೊತೆ ಪ್ಯಾಡ್ ಇಟ್ಕೊಳ್ಳಿ.

ಇಷ್ಟೆಲ್ಲ ಬದಲಾಯಿಸಿ, ಪೆಟ್ಟಿಗೆ ಕಟ್ಟಿ, ವಿಮಾನದ ಬಾಡಿಗೆ ಕೊಡೋ ಬದಲು ಆರೇ ದಿನಕ್ಕೆ ಅಲ್ಲೇ ಬಾಡಿಗೆಗೆ ತಗೊಳ್ಳೋದು ಮೇಲು ಅನ್ನೋದು ನನ್ನ ಅಭಿಪ್ರಾಯ. ಡಿಸ್ಕ್ ಬ್ರೇಕ್, 34 ಹಲ್ಲು, 28 ಅಥವಾ 32 ಟೈರು ಅಂತ ಬರವಣಿಗೆಯಲ್ಲೇ ಕೇಳಿ. ನಿಮ್ಮ ಪೆಡಲ್ಲು, ಸೀಟು ಒಯ್ಯಿರಿ. ಕ್ರ್ಯಾಂಕ್ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟಿನ ಮೂತಿಯಿಂದ ಹ್ಯಾಂಡಲ್‌ಗೆ, ಎರಡು ಅಳತೆ ಮಿಮೀಯಲ್ಲಿ ಬರೆದಿಟ್ಟುಕೊಳ್ಳಿ. ಸೈಕಲ್ ಕೈಗೆ ಬಂದ ಕೂಡಲೇ ಮುಂದಿನ ಬ್ರೇಕ್ ಯಾವ ಕೈಗಿದೆ ನೋಡಿ. ಆ ಕಡೆ ಸಾಮಾನ್ಯವಾಗಿ ಎಡಗೈಗೆ ಇರುತ್ತೆ. ನಮ್ಮ ಬಲಗೈ ಅಭ್ಯಾಸದಲ್ಲಿ ಗಾಬರಿಗೆ ಎಡಗೈ ಜಗ್ಗಿದರೆ ಮುಗ್ಗರಿಸ್ತೀರಿ. ಮೊದಲ ಅರ್ಧ ಗಂಟೆ ಖಾಲಿ ಜಾಗದಲ್ಲಿ ಹಿಡಿದು ಬಿಟ್ಟು ಮಾಡಿ.

ಪುಳಿಯೋಗರೆ ಪವರ್ (ಪಾಂಡವಪುರ):

ಊಟದ ವಿಷಯ ಯಾರೂ ಮುಟ್ಟಲಿಲ್ಲ. ಸಿಯೆನಾ ಕಡೆ ‘ಪೀಚಿ’ ಅಂತ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ ಥರದ ಪಾಸ್ತಾ ಇದೆ. ‘ಪೀಚಿ ಆಲ್ಯೋನೆ’ ಕೇಳಿ: ಬೆಳ್ಳುಳ್ಳಿ, ಟೊಮೆಟೊ, ಅಷ್ಟೇ. ‘ಕಾಚೊ ಎ ಪೇಪೆ’ ಅಂದರೆ ಚೀಸು, ಮೆಣಸು. ‘ರಿಬೊಲ್ಲೀತಾ’ ಕಾಳು, ಸೊಪ್ಪು, ಬ್ರೆಡ್ಡಿನ ಸಾರು. ಅದಕ್ಕೆ ಮಾಂಸ ಬೇಯಿಸಿದ ನೀರು ಹಾಕಿರಬಹುದು, ‘ಸೆನ್ಸಾ ಬ್ರೋದೊ ದಿ ಕಾರ್ನೆ’ ಅಂತ ಹೇಳಿ ಖಾತ್ರಿ ಮಾಡಿಕೊಳ್ಳಿ. ಪೆಕೊರೀನೊ ಚೀಸಿಗೆ ಹಾಲು ಒಡೆಸೋಕೆ ಸಾಮಾನ್ಯವಾಗಿ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ. ದಿನಕ್ಕೆ ಐದು ಗಂಟೆ ಬೆವರಿಳಿಸಿ ಅದನ್ನೇ ತಿಂದರೆ ಉಪ್ಪು ಸಾಕಾಗಲ್ಲ. ಉಪ್ಪಿನಕಾಯಿ ಇಲ್ಲವೇ ಪುಳಿಯೋಗರೆ ಗೊಜ್ಜು ಡಬ್ಬಿ ಬ್ಯಾಗಲ್ಲಿ ಇರಲಿ.

ಊಟದ ಹೊತ್ತು ಹನ್ನೆರಡೂವರೆಯಿಂದ ಎರಡೂವರೆ, ಆಮೇಲೆ ಅಡುಗೆಮನೆ ಮುಚ್ತಾರೆ. ಹಳ್ಳಿಯ ಅಂಗಡಿಗಳೂ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕ್ತವೆ. ಅದಕ್ಕೇ ಹನ್ನೆರಡರೊಳಗೆ ಬಾಳೆಹಣ್ಣು, ಬ್ರೆಡ್ಡು ತಗೊಂಡಿರಿ. ನೀರಿಗೆ ಊರ ಚೌಕದ ನಲ್ಲಿ, ಅದು ಇಲ್ಲದ ಕಡೆ ಊರಾಚೆಯ ಸ್ಮಶಾನದ ನಲ್ಲಿ. ‘ನೊನ್ ಪೊತಾಬಿಲೆ’ ಅಂತಿದ್ದರೆ ಕುಡಿಯೋ ನೀರಲ್ಲ. ಕ್ರೇತೆ ಭಾಗದಲ್ಲಿ ಒಬ್ಬೊಬ್ಬರಿಗೂ ಎರಡು ಬಾಟಲಿ ಬೇಕೇ ಬೇಕು.

ರೈಲು: ‘ರೆಜೊನಾಲೆ’ ಗಾಡಿಗಳಲ್ಲಿ ಸೈಕಲ್ ಗುರುತು ಇದ್ದರೆ ಬಿಚ್ಚದೆ ಹತ್ತಿಸಬಹುದು, ಸೈಕಲ್‌ಗೆ ಬೇರೆ ಟಿಕೆಟ್. ಕಾಗದದ ಟಿಕೆಟ್ ಆದರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ. ಭಾನುವಾರ ಬ್ವೊನ್‌ಕೊನ್ವೆಂತೊ, ಅಶಾನೊ ಕಡೆ ಗಾಡಿಗಳೇ ಕಮ್ಮಿ. ಕೊನೇ ಗಾಡಿ ಹೊತ್ತು ನೋಡಿಕೊಂಡೇ ಹೊರಡಿ.

ಏರುದಾರಿ:

ಕಾನೂನು ಎರಡು ಮಾತು: ಊರಾಚೆ ಒಬ್ಬರ ಹಿಂದೆ ಒಬ್ಬರು, ಜೋಡಿಯಾಗಿ ಮಾತಾಡ್ಕೊಂಡು ಹೋಗೋ ಹಾಗಿಲ್ಲ. ಊರಾಚೆ ಕತ್ತಲಲ್ಲಿ ಮತ್ತು ಸುರಂಗದಲ್ಲಿ ಹೊಳೆಯೋ ಜಾಕೆಟ್ ಕಡ್ಡಾಯ, ದೀಪವಂತೂ ಸರಿಯೇ. ಅಕ್ಟೋಬರ್ ಮೊದಲ ವಾರ ಸಂಜೆ ಏಳರೊಳಗೆ ಸೂರ್ಯ ಮುಳುಗ್ತಾನೆ. ತುರ್ತಿಗೆ 112.

ಆಪ್ ಹೇಳಿದ ದಾರಿಯನ್ನ ಹಾಗೇ ನಂಬಬೇಡಿ. ‘ಚಿಕ್ಕ ರಸ್ತೆ’ ಅಂತ ಕೇಳಿದರೆ ಟ್ರ್ಯಾಕ್ಟರ್ ಜಾಡಿಗೂ ಕಳಿಸುತ್ತೆ. ಅನುಮಾನ ಬಂದ ಕಡೆ ಸ್ಟ್ರೀಟ್ ವ್ಯೂನಲ್ಲಿ ಡಾಂಬರು ಎಲ್ಲಿ ಮುಗಿಯುತ್ತೆ ಅಂತ ಮೈಸೂರಲ್ಲೇ ಕೂತು ನೋಡಿ. ದಾರಿಯಲ್ಲಿ ‘ಫ್ರಾನಾ’ ಅಂದರೆ ಭೂಕುಸಿತ, ‘ಸ್ತ್ರಾದಾ ಕ್ಯೂಸಾ’ ಅಂದರೆ ರಸ್ತೆ ಬಂದ್. ಈ ಎರಡು ಕಂಡರೆ ಹಿಂದಿನ ಕೂಡುರಸ್ತೆಗೆ ವಾಪಸ್ಸು.

ಆರನೇ ದಿನಕ್ಕೆ ಟಸ್ಕನಿ ಬಿಟ್ಟು ಬೇರೆ ಏನಾದರೂ ಅಂದರೆ ಉಂಬ್ರಿಯಾದ ನೋರ್ಚಾ (604 ಮೀಟರ್) ಊರಿಂದ ಕಾಸ್ತೆಲ್ಲೂಚ್ಚೊ ಬಯಲಿನ ಕಡೆ ಹತ್ತಬಹುದು. ಘಾಟಿಯ ನೆತ್ತಿ ಒಂದೂವರೆ ಸಾವಿರ ಮೀಟರ್ ಆಸುಪಾಸು, ಮೂರು ಚಾಮುಂಡಿ ಬೆಟ್ಟ ಒಂದರ ಮೇಲೊಂದು ಇಟ್ಟಷ್ಟು ಏರು, ಆದರೆ ಇಳಿಜಾರು ಹದ. ಸಿಯೆನಾದಿಂದ ದೂರ, ಒಂದು ರಾತ್ರಿ ಅಲ್ಲೇ ಉಳೀಬೇಕು. 2016ರ ಭೂಕಂಪದಲ್ಲಿ ಆ ಊರುಗಳು ಬಹಳ ಹಾಳಾದವು, ರಸ್ತೆ, ರೂಮು ಎರಡನ್ನೂ ಹೊರಡೋ ವಾರವೇ ವಿಚಾರಿಸಿ.

ಒಂಟಿ ಪೆಡಲ್:

ಆ ಕಡೆ ಹೋಗೋದಾದರೆ ಕುರಿ ಮಂದೆ ಸಿಗುತ್ತೆ, ಜೊತೆಗೆ ಮರೆಮ್ಮಾ ಜಾತಿಯ ಬಿಳಿ ನಾಯಿಗಳು. ನಮ್ಮೂರ ಬೀದಿನಾಯಿಗೆ ಮಾಡೋ ಹಾಗೆ ಜೋರಾಗಿ ತುಳಿದು ತಪ್ಪಿಸಿಕೊಳ್ಳೋಕೆ ನೋಡಬೇಡಿ, ಓಡೋದನ್ನ ಅವು ಅಟ್ಟಿಸಿಕೊಂಡು ಬರ್ತವೆ. ಕಲ್ಲು ಎತ್ತಬೇಡಿ. ದೂರದಲ್ಲೇ ಇಳಿದು, ಸೈಕಲ್ಲನ್ನ ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು, ಮಂದೆಯಿಂದ ದೂರವಾಗಿ ನಿಧಾನಕ್ಕೆ ನಡೆದು ದಾಟಿ. ಕುರುಬ ಕಂಡರೆ ಕೂಗಿ ಹೇಳಿ, ಅವನೇ ಕರ‍್ಕೊಳ್ತಾನೆ.